ಹಳದಿ ಮೂಗು

ಫಿನಾಯಿಲ್ ವಾಸನೆ, ಅದರ ಹಿಂದೆಯೇ ಒದ್ದೆ ನಾಯಿಯ ವಾಸನೆ, ಬೆಂಚಿನ ಆ ತುದಿಯಲ್ಲಿ ಯಾರದೋ ಗಿಳಿ ಪಂಜರದ ಸರಳು ಕಚ್ಚುತ್ತಿದೆ, ಕಟಕಟ, ಮೊನ್ನೆಯಿಂದ ಅವಳಿಗೆ ಪ್ರಾಣಿಗಳ ಆಸ್ಪತ್ರೆಯ ಇದೇ ಬೆಂಚು, ಒಳಗೆ ಮೇಜಿನ ಮೇಲೆ ಒಕ್ಕಣ್ಣಿ, ಬಿಳೀ ಕಾಲಿಗೆ ಸಲೈನ್ ಸೂಜಿ, ಉಚ್ಚೆ ಹೊಯ್ದರೆ ಉಳೀತಾಳೆ ಎಂದಿದ್ದಾರೆ ಡಾಕ್ಟರು, ದಿಂಬಿನ ಮೇಲೆ, ಹೊಸ ಚಪ್ಪಲಿಯೊಳಗೆ ಹೊಯ್ದು ಬೈಸಿಕೊಂಡವಳು, ಈಗ ಹೊಯ್ಯೇ ನನ್ನ ತಾಯಿ, ನನ್ನ ತಲೆ ಮೇಲೆ ಬೇಕಾದರೂ ಹೊಯ್ಯಿ — ಚರಂಡಿ ಪೈಪಿನೊಳಗೆ ಕೈ ತೂರಿಸಿ, ಮೊಣಕೈ ತರಚಿಕೊಂಡು ಎಳೆದದ್ದು, ಅಂಗೈಯಷ್ಟು ಬೆಕ್ಕಿನ ಮರಿ, ಒಂದು ಕಣ್ಣು ಕೀವಾಗಿ ಹೋಗಿತ್ತು, ಇದು ಬದುಕಲ್ಲಮ್ಮ ಎಂದಿದ್ದರು ಇದೇ ಡಾಕ್ಟರು, ಬದುಕಿತು ಹಠಮಾರಿ, ಮನೆಯಲ್ಲಿರುವ ಕುಂಟ, ದಡಿಯ, ಕಳ್ಳಿ ಎಲ್ಲರೂ ಬೀದಿಯಿಂದ ಬಂದವರೇ, ಅವರ್ಯಾರೂ ಹೂವಿನ ಹತ್ತಿರ ಸುಳಿಯಲಿಲ್ಲ, ಇವಳಿಗೆ ಮಾತ್ರ ಎಲ್ಲದಕ್ಕೂ ಮೂಗು ತೂರಿಸಬೇಕು, ಹುಟ್ಟುಹಬ್ಬಕ್ಕೆಂದು ಅಕ್ಕ ತಂದ ಲಿಲ್ಲಿಯ ಗೊಂಚಲಿಗೆ ಮುಖ ಹಾಕಿ, ಮೂಗೆಲ್ಲ ಹಳದಿ ಮಾಡಿಕೊಂಡು, ಅಕ್ಷೀ ಎಂದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು, ನಗುತ್ತಿದ್ದ ಹಾಗೆಯೇ ಒಕ್ಕಣ್ಣಿ ಆ ಹೂಪುಡಿ ನೆಕ್ಕಿಕೊಂಡಳು.

ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ, ಮೂಗು ಒರೆಸಿಕೊಳ್ಳುತ್ತಾಳೆ, ನೀನೇ ಬರೆದಿದ್ದೆಯಲ್ಲೇ, ಅದನ್ನ ಓದಿಯೇ ತಂದಿದ್ದು ನಾನು. ಹೌದು, ಬರೆದದ್ದು ಅವಳೇ, ಹೊಟ್ಟೆಪಾಡಿನ ಬರವಣಿಗೆ, ಕೇಳಿದವರಿಗೆ ಕೇಳಿದ್ದು, ಬೆನ್ನುನೋವಿಗೆ ವ್ಯಾಯಾಮ, ಮಿಕ್ಸಿ ತೊಳೆಯುವ ಬಗೆ, ಮನೆಯಂದಕ್ಕೆ ಹೂಗಳು — ಕೆಳಗೆ ಸ್ವಲ್ಪ ಜಾಗ ಉಳೀತು ಮೇಡಂ, ಒಂದು ಸಾಲು ಸೇರಿಸಿ ಎಂದು ಪತ್ರಿಕೆಯ ಸಂಪಾದಕ ಫೋನಿನಲ್ಲಿ, ಸೇರಿಸಿದಳು, ಲಿಲ್ಲಿಯಿಂದ ಮಕ್ಕಳಿಗಾಗಲಿ ಸಾಕುಪ್ರಾಣಿಗಳಿಗಾಗಲಿ ಯಾವ ತೊಂದರೆಯೂ ಇಲ್ಲ, ಎಲ್ಲೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ, ಸಾಲು ಜಾಗಕ್ಕೆ ಸರಿಯಾಗಿ ಕೂತಿತು ಅಷ್ಟೇ, ಆಗ ಒಕ್ಕಣ್ಣಿ ಬಂದು ಕೀಬೋರ್ಡಿನ ಮೇಲೆ ಕೂತಿದ್ದಳು, ಏಳೇ ಮಹಾರಾಯ್ತಿ ಎಂದು ಎತ್ತಿ ಕೆಳಗಿಟ್ಟು ಟೈಪ್ ಮಾಡಿದ್ದು. ಇವತ್ತು ಬೆಳಿಗ್ಗೆ ಸಂಪಾದಕನಿಗೆ ಫೋನ್ ಮಾಡಿದಳು, ಆ ಸಾಲು ತಪ್ಪು, ಬೆಕ್ಕಿಗೆ ಅದು ವಿಷ, ತಿದ್ದುಪಡಿ ಹಾಕಿ, ನೋಡೋಣ ಮೇಡಂ, ಮುಂದಿನ ಸಂಚಿಕೆಯಲ್ಲಿ ಜಾಗ ಇದ್ದರೆ. ಜಾಗ ಇದ್ದರೆ, ಇನ್ನೆಷ್ಟು ಮನೆಯ ಮೇಜಿನ ಮೇಲೆ ಆ ಹೂವು, ಎಷ್ಟು ಮೂಗು ಹಳದಿ —

ಬನ್ನಿ ಅಮ್ಮ. ಡಾಕ್ಟರು ಕೈಗವಸು ತೆಗೆದಿದ್ದಾರೆ. ಕಿಡ್ನಿ ಪೂರ್ತಿ ನಿಂತುಹೋಗಿದೆ, ಸುಮ್ಮನೆ ನರಳಿಸೋದು ಬೇಡ, ಇಂಜೆಕ್ಷನ್ ಕೊಟ್ಟುಬಿಡೋಣ, ನೀವು ಹೂಂ ಅನ್ನಬೇಕು. ಮೇಜಿನ ಉಕ್ಕು ತಣ್ಣಗಿದೆ, ಅವಳ ದನಿ ಕೇಳಿ ಒಕ್ಕಣ್ಣಿ ತಲೆ ಎತ್ತುತ್ತಾಳೆ, ಅಂಗೈಗೆ ಹಣೆ ಉಜ್ಜುತ್ತಾಳೆ, ಗುರುಗುರು ಅನ್ನುತ್ತಾಳೆ, ಈ ಸ್ಥಿತಿಯಲ್ಲೂ, ನನ್ನನ್ನೇ ನಂಬಿಕೊಂಡು, ಹೂಂ ಎಂದದ್ದು ಯಾರು, ಅವಳೇ ಇರಬೇಕು, ಸೂಜಿ ಹೋಯಿತು, ಗುರುಗುರು ನಿಧಾನವಾಯಿತು, ಮೀಸೆಯ ಬುಡದಲ್ಲಿ ಇನ್ನೂ ಅಷ್ಟು ಹೂಪುಡಿ ಉಳಿದಿದೆ, ಅವಳು ಉಗುರಿನಿಂದ ಕೆರೆಯುತ್ತಾಳೆ, ಬಿಡೇ, ಸಾಕು ಬಿಡೇ ಎನ್ನುತ್ತಾಳೆ ಅಕ್ಕ, ಕೆರೆಯುತ್ತಾಳೆ, ಹೋಗುತ್ತಿಲ್ಲ, ಬಿಳೀ ಮೂಗಿನ ಪಕ್ಕ ಅಷ್ಟೇ ಅಷ್ಟು ಹಳದಿ, ಹಳದಿ