ಎರಡನೆಯ ಯಾದಿ

ಗೋಡೆ ಕಟ್ಟುವ ಗೌಂಡಿ ಭೀಮಣ್ಣ ಅಫಜಲಪುರ ತಾಲೂಕಿನ ಹಳ್ಳಿಯಿಂದ ಹೆಂಡತಿ ಅಂಬಾಬಾಯಿಯನ್ನೂ ಎರಡು ವರ್ಷದ ಮಗಳನ್ನೂ ಕರೆದುಕೊಂಡು ಪುಣೆಗೆ ಬಂದದ್ದು ಎಂಬತ್ತೊಂದರಲ್ಲಿ. ಒಂದು ಕಟ್ಟಡ ಮುಗಿದರೆ ಇನ್ನೊಂದು ಕಟ್ಟಡ, ಅದರ ಮಗ್ಗುಲಲ್ಲೇ ತಗಡಿನ ಶೆಡ್ಡು, ಹತ್ತಿರದಲ್ಲೊಂದು ಮರಾಠಿ ಶಾಲೆ. ಮಗಳು ಶಿವಕಾಂತಾ ಹೀಗೆ ಐದು ಶಾಲೆ ಬದಲಿಸಿದಳು. ಎಷ್ಟನೆಯ ತರಗತಿಯಲ್ಲಿ ಯಾವ ಶಾಲೆ ಎಂದು ಯಾರಾದರೂ ಕೇಳಿದರೆ, ಅಪ್ಪ ಆಗ ಯಾವ ಕಟ್ಟಡ ಕಟ್ಟುತ್ತಿದ್ದ ಎಂಬುದನ್ನು ಮೊದಲು ನೆನಪಿಸಿಕೊಂಡು ಆಮೇಲೆ ಹೇಳುತ್ತಿದ್ದಳು.

ಭೀಮಣ್ಣನಿಗೆ ಓದು ಬರುತ್ತಿರಲಿಲ್ಲ. ಇಂಜಿನಿಯರ್ ನಕಾಶೆ ಕೊಟ್ಟು ಮೋಟಾರ್ ಸೈಕಲ್ ಹತ್ತಿ ಹೋದ ಮೇಲೆ ಅವನು ಅದನ್ನು ಮರಳಿನ ಗುಡ್ಡೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಇಟ್ಟಂಗಿ ಇಟ್ಟು, ಮಗಳನ್ನು ಕೂಗುತ್ತಿದ್ದ. ಏಳನೆಯ ತರಗತಿಯಿಂದಲೇ ಅವಳು ಅವನಿಗೆ ನಕಾಶೆ ಓದಿ ಹೇಳುತ್ತಿದ್ದಳು.

"ಬಾಗಲಾ ಒಳಗ ತೆರೀತದೋ ಹೊರಗೋ?"

"ಒಳಗಪ್ಪ. ಈ ಕಮಾನಿನಂಥ ಗೆರಿ ನೋಡು, ಅದು ಬಾಗಲಾ ತಿರುಗೋ ದಾರಿ."

ಅವಳು ಹೇಳಿದ ಮೇಲೆ ಅವನು ಎದ್ದು ಹೋಗಿ ಗೋಡೆಯ ಗುರುತಿಗೆ ದಾರ ಹಿಡಿಯುತ್ತಿದ್ದ. ಅವಳು ಹೇಳಿದ್ದು ಒಮ್ಮೆಯೂ ತಪ್ಪಾಗಿರಲಿಲ್ಲ.

ತೊಂಬತ್ತಾರರ ಮಾರ್ಚಿನಲ್ಲಿ ಶಿವಕಾಂತಾಳ ಹತ್ತನೆಯ ಪರೀಕ್ಷೆ. ಭೂಮಿತಿಯ, ಅಂದರೆ ರೇಖಾಗಣಿತದ, ಪೇಪರಿನ ದಿನ ಬೆಳಿಗ್ಗೆ ಎಂಟಕ್ಕೆ ಭೀಮಣ್ಣ ಎರಡನೆಯ ಅಂತಸ್ತಿನ ಬಿದಿರಿನ ಅಟ್ಟದಿಂದ ಬಿದ್ದ. ಟೆಂಪೋದಲ್ಲಿ ಹಾಕಿಕೊಂಡು ಸರಕಾರಿ ದವಾಖಾನೆಗೆ ಒಯ್ದರು. ಡಾಕ್ಟರು ಮರಾಠಿಯಲ್ಲಿ ಇಂಗ್ಲಿಷ್ ಬೆರೆಸಿ ಕೇಳಿದ್ದು ಅಂಬಾಬಾಯಿಗೆ ತಿಳಿಯುತ್ತಿರಲಿಲ್ಲ, ಇವಳು ಹೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಅವಳು ಮಗಳ ಕೈ ಬಿಡಲಿಲ್ಲ. ಹತ್ತೂವರೆಯಾದ ಮೇಲೆ, "ಹೋಗು, ಆದ್ರ ಲಗೂನ ಬಾ. ಆಪರೇಶನ್ನಿಗಿ ಸಹಿ ಬೇಕಂತ, ನಂಗೇನೂ ತಿಳೀವಲ್ದು" ಎಂದು ಕಳಿಸಿದಳು.

ಶಿವಕಾಂತಾ ಅರ್ಧ ತಾಸು ತಡವಾಗಿ ಪರೀಕ್ಷೆಯ ಕೋಣೆಗೆ ಹೋದಳು. ಒಂದು ತಾಸು ಬರೆದಳು. ಮೂರು ಪ್ರಮೇಯ ಬಾಕಿ ಇರುವಾಗ ಪೇಪರು ಕೊಟ್ಟು ಎದ್ದುಬಂದಳು. ಭೂಮಿತಿ ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದ ವಿಷಯ. ಬೀಜಗಣಿತದ ಅಂಕಗಳು ಕೈಹಿಡಿದು ಹೇಗೋ ಪಾಸಾದಳು. ಎಲ್ಲ ವಿಷಯ ಸೇರಿ ನೂರಕ್ಕೆ ಐವತ್ತೊಂದು.

ಭೀಮಣ್ಣನ ಸೊಂಟ ನೆಟ್ಟಗಾಗಲಿಲ್ಲ. ಊರುಗೋಲು ಬಂತು. ಶಿವಕಾಂತಾಳ ತಮ್ಮ ಅಂಬಾದಾಸನಿಗೆ ಆಗ ಒಂಬತ್ತು ವರ್ಷ. ಶಿವಕಾಂತಾ ಪುಣೆಯ ಕ್ಯಾಂಪ್ ಎಂಬ ಬಡಾವಣೆಯಲ್ಲಿ ಕುಂದಾಪುರದ ಕಡೆಯವರ ಹೋಟೆಲೊಂದರ ಅಡುಗೆಮನೆಗೆ ಸೇರಿದಳು. ಮುಂಜಾನೆ ಆರಕ್ಕೆ ಹೋಗಿ ಕಾಯಿ ತುರಿಯುವುದು, ಉಳ್ಳಾಗಡ್ಡಿ ಹೆಚ್ಚುವುದು, ಮರುದಿನದ ಇಡ್ಲಿಗೆ ಅಕ್ಕಿ ಉದ್ದು ತೊಳೆದು ನೆನೆಹಾಕುವುದು. ಸಂಜೆ ನಾಲ್ಕಕ್ಕೆ ಬಿಡುಗಡೆ. ಮೂರು ವರ್ಷ ಕಳೆದವು.

ಭೀಮಣ್ಣನಿಗೆ ಯೆರವಡಾದ ಕಡೆ ಹೊಸ ಕಟ್ಟಡವೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು, ಇರಲು ಅಲ್ಲೇ ಒಂದು ಕೋಣೆ. ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ಒಂದು ಸಂಜೆ ಅವನು ಮಗಳ ಎದುರು ಮಾತು ತೆಗೆದ.

"ಇವತ್ತ ಒಬ್ಬಾಕಿ ಹುಡುಗಿ ಬಂದಿದ್ಲು. ನಿನ್ನಷ್ಟೇ ಇದ್ದಾಳ. ಕೈಯಾಗ ನಕಾಶಿ. ಮೇಸ್ತ್ರಿಗಳೆಲ್ಲ ಆಕಿ ಮುಂದ ನಿಂತು ಹೌದ್ರಿ ಹೌದ್ರಿ ಅನ್ನಾಕತ್ತಿದ್ರು. ಎಲ್ಲಿ ಕಲ್ತೀರಿ ಬಾಯಿ ಅಂತ ಕೇಳ್ದೆ. ನಕಾಶಿ ಕಲಸೋ, ಹೆಣ್ಣುಮಕ್ಕಳದೇ ಒಂದು ತಂತ್ರನಿಕೇತನ ಕಾಲೇಜು ಅದಂತ. ಹತ್ತನೇತ್ತ ಪಾಸಾದ್ರ ಸಾಕಂತ."

ಅಂಬಾಬಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು: "ಈಕಿ ಹೋದ್ರ ಮನಿ ಹ್ಯಾಂಗ ನಡೀಬೇಕು?"

"ಅರ್ಜಿ ಹಾಕ್ಲಿ. ಸಿಗದಿದ್ರ ಸಿಗಲ್ಲ" ಎಂದಷ್ಟೇ ಅಂದ ಭೀಮಣ್ಣ.

ಅರ್ಜಿ ತುಂಬಿ ಕೊಡಲು ಹೋದಾಗ ಕಿಟಕಿಯ ಆಚೆ ಕುಳಿತ ಕಾರಕೂನ ಅಂಕಗಳ ಗುಣಪತ್ರಿಕೆ ನೋಡಿ ತುಟಿ ಕಚ್ಚಿದ. ಹತ್ತನೆಯ ನಂತರದ ಮೂರು ವರ್ಷ ಏನು ಮಾಡಿದಿರಿ ಎಂಬ ಜಾಗ ಖಾಲಿ ಇತ್ತು. "ಕಾಯಿಲೆ ಇತ್ತು ಅಂತ ಬರಿ ಮಗಳೇ, ಡಾಕ್ಟರ ಚೀಟಿ ತಾ. ಎಲ್ಲರೂ ಅದನ್ನೇ ಮಾಡ್ತಾರೆ" ಎಂದು ಮರಾಠಿಯಲ್ಲಿ ಅಂತಃಕರಣದಿಂದಲೇ ಹೇಳಿದ. ಅವಳು ಅಲ್ಲೇ ಬೆಂಚಿನ ಮೇಲೆ ಕೂತಳು. ಆಮೇಲೆ 'ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ' ಎಂದು ಬರೆದು ಕೊಟ್ಟಳು.

ಆಯ್ಕೆಯಾದವರ ಮೊದಲ ಯಾದಿ ನೂರಕ್ಕೆ ಅರವತ್ನಾಲ್ಕರ ಹತ್ತಿರ ನಿಂತುಹೋಯಿತು. ಉಳಿದ ಆರು ಜಾಗಗಳಿಗೆ ಸಂದರ್ಶನ, ಪಾಲಕರೊಂದಿಗೆ ಬರಬೇಕು ಎಂದು ಫಲಕದ ಮೇಲೆ ಬರೆದಿದ್ದರು. ಆಫೀಸು ಮೂರನೆಯ ಅಂತಸ್ತಿನಲ್ಲಿ. ಭೀಮಣ್ಣನಿಗೆ ಹತ್ತಲಾಗುವುದಿಲ್ಲ. ಅಂಬಾಬಾಯಿ ತನ್ನ ಇಳಕಲ್ಲ ಸೀರೆ ಉಟ್ಟು, ಆ ದಿನದ ಗಾರೆ ಕೆಲಸ ಬಿಟ್ಟು, ಮಗಳ ಹಿಂದೆ ಬಸ್ಸು ಹತ್ತಿದಳು.

ಒಳಗೆ ಮೇಜಿನ ಆಚೆ ಕುಳಿತವರು ಕರಂದೀಕರ ಬಾಯಿ, ಅಂದರೆ ಕರಂದೀಕರ ಮೇಡಮ್, ವಿಭಾಗದ ಮುಖ್ಯಸ್ಥೆ. ಐವತ್ತರ ಮೇಲಿನ ವಯಸ್ಸು, ತೆಳ್ಳನೆಯ ಮೈ. ಮಾತು ಗಡುಸು. ಅವರು ಗುಣಪತ್ರಿಕೆ ತಿರುವಿ ನೋಡಿ ಮರಾಠಿಯಲ್ಲಿ ಕೇಳಿದರು.

"ಎಪ್ಪತ್ತೈದಕ್ಕೆ ಬೀಜಗಣಿತದಲ್ಲಿ ಐವತ್ತೆಂಟು ಇದೆ. ಭೂಮಿತಿಯಲ್ಲಿ ಹತ್ತೊಂಬತ್ತು. ನಕಾಶೆ ತೆಗೆಯುವುದನ್ನು ಕಲಿಯಲು ಬಂದಿದ್ದೀಯ. ಭೂಮಿತಿ ಬರದವಳು ಇಲ್ಲೇನು ಮಾಡ್ತೀಯ?"

ಶಿವಕಾಂತಾ ಪಕ್ಕದಲ್ಲಿದ್ದ ಅವ್ವನನ್ನು ನೋಡಲಿಲ್ಲ. "ಸರಿಯಾಗಿ ಓದಿರಲಿಲ್ಲ ಬಾಯಿ" ಎಂದಳು.

"ಇದು ಕಾರಣವಲ್ಲ."

"ಅಷ್ಟೇ ಬಾಯಿ. ಓದಿರಲಿಲ್ಲ."

ಕರಂದೀಕರ ಬಾಯಿ ಕಾಗದ ಮಡಚತೊಡಗಿದರು. ಆಗ ಅಂಬಾಬಾಯಿ ಎದ್ದುನಿಂತಳು. ಹದಿನೆಂಟು ವರ್ಷ ಇಟ್ಟಂಗಿ ಹೊರುತ್ತಾ ಕಿವಿಗೆ ಬಿದ್ದ ಮರಾಠಿ ಅವಳದು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು. "ಆಕಿ ಸುಳ್ಳು ಹೇಳ್ತಾಳ್ರಿ. ಅವತ್ತ ಇವಳಪ್ಪ ಬಿದ್ದಿದ್ದ. ನಂಗ ಡಾಕ್ಟರ ಮಾತು ತಿಳೀಲಿಲ್ಲ. ನಾ ಇವಳ ಕೈ ಹಿಡ್ಕೊಂಡು ಕುಂತೆ, ಬಿಡಲಿಲ್ಲ. ಬಿಟ್ಟಾಗ ಲಗೂನ ಬಾ ಅಂದೆ. ಅರ್ಧಾ ಬರದು ಎದ್ದು ಬಂದ್ಳು. ಆ ಮಾರ್ಕ್ಸು ನಾ ಕಳದದ್ದು. ಆಕೀದು ಅಲ್ಲ."

ಅಷ್ಟು ಹೇಳಿ ಕುಳಿತುಬಿಟ್ಟಳು. ಶಿವಕಾಂತಾಳಿಗೆ ತಲೆ ಎತ್ತಲಾಗಲಿಲ್ಲ. ಈ ಮೂರು ವರ್ಷದಲ್ಲಿ ಆ ದಿನದ ಮಾತು ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅವ್ವ ಮರೆತಿದ್ದಾಳೆ ಎಂದೇ ಅವಳು ತಿಳಿದಿದ್ದಳು.

ಕರಂದೀಕರ ಬಾಯಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿಟ್ಟರು. ಆಮೇಲೆ ಕಪಾಟಿನಿಂದ ಒಂದು ನಕಾಶೆ ತೆಗೆದು ಮೇಜಿನ ಮೇಲೆ ಹಾಸಿ, "ಇದು ಏನು ಹೇಳು" ಎಂದರು.

ಶಿವಕಾಂತಾ ಅಪ್ಪನಿಗೆ ಹೇಳಿದ ಹಾಗೆಯೇ ಹೇಳಿದಳು. ಪಾಯ ಎಲ್ಲಿಂದ ಎಲ್ಲಿಗೆ, ಗೋಡೆ ಎಲ್ಲಿ ದಪ್ಪ ಎಲ್ಲಿ ತೆಳು, ನೀರಿನ ಪೈಪು ಯಾವ ಮೂಲೆಯಲ್ಲಿ ಇಳಿಯುತ್ತದೆ, ಮೊದಲು ಯಾವ ಗೋಡೆ ಎಬ್ಬಿಸಿದರೆ ಸಾಮಾನು ಸಾಗಿಸಲು ಜಾಗ ಉಳಿಯುತ್ತದೆ. ಕೆಲವು ಚಿಹ್ನೆ ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದಳು.

"ಒಳ್ಳೇದು" ಎಂದರು ಬಾಯಿ. "ಆದರೆ ಯಾದಿ ನಾನೊಬ್ಬಳೇ ಮಾಡುವುದಿಲ್ಲ. ಆಸೆ ಹಚ್ಚುವುದಿಲ್ಲ. ಸೋಮವಾರ ಬಂದು ನೋಡಿ."

ಹೊರಗೆ ಬಂದು ಬಸ್ಸಿಗೆ ನಿಂತಾಗ ಶಿವಕಾಂತಾ ಕೇಳಿದಳು: "ಯಾಕ ಹೇಳ್ದಿ ಅವ್ವ?"

"ಹೇಳಬೇಕಿತ್ತು. ಹೇಳ್ದೆ."

"ನನಗ ನಿನ್ನ ಮ್ಯಾಲ ಸಿಟ್ಟಿಲ್ಲ."

"ಅದು ನಂಗ ಗೊತ್ತದ" ಎಂದಳು ಅಂಬಾಬಾಯಿ. "ಅದಕ್ಕೇ ಭಾಳ ಆಗ್ತದ."

ಸೋಮವಾರ ಎರಡನೆಯ ಯಾದಿ ಹಚ್ಚಿದರು. ಆರು ಹೆಸರುಗಳಲ್ಲಿ ಶಿವಕಾಂತಾಳದು ಆರನೆಯದು. ಅವಳು ಎರಡು ಸಲ ಓದಿ, ಹೋಟೆಲಿಗೆ ಆಗಲೇ ತಡವಾಗಿತ್ತೆಂದು ನೇರ ಕ್ಯಾಂಪಿನ ಬಸ್ಸು ಹಿಡಿದಳು. ಕಾಲೇಜು ಬೆಳಿಗ್ಗೆ ಹತ್ತರಿಂದ ಐದರವರೆಗೆ. ಹೋಟೆಲಿನ ಯಜಮಾನಿ ಪ್ರೇಮಾವತಿಗೆ ಹೇಗೆ ಹೇಳುವುದೆಂದು ದಾರಿಯೆಲ್ಲ ಮಾತು ಜೋಡಿಸುತ್ತಾ ಬಂದಳು. ಅಡುಗೆಮನೆಗೆ ಕಾಲಿಟ್ಟರೆ ಅಲ್ಲಿ ಅವಳ ಮಣೆಯ ಮೇಲೆ ಅಂಬಾಬಾಯಿ ಕುಳಿತು ಕಾಯಿ ತುರಿಯುತ್ತಿದ್ದಳು.

"ನಿನ್ನ ಅಮ್ಮ ಬೆಳಿಗ್ಗೆಯೇ ಬಂದು ಕೇಳಿದ್ರು ಮಾರಾಯ್ತಿ" ಎಂದರು ಪ್ರೇಮಾವತಿ. "ಮಗಳಿಗೆ ಕಾಲೇಜು ಸಿಕ್ಕಿದ್ರೆ ಆ ಕೆಲಸ ನನಗೆ ಕೊಡಿ ಅಂತ. ಸಿಗದಿದ್ದರೆ ಏನು ಮಾಡ್ತೀರಿ ಅಂದೆ. ಆವತ್ತಿನ ಮಟ್ಟಿಗೆ ಮಾಡಿ ಹೋಗ್ತೇನೆ ಅಂದ್ರು. ಸಿಕ್ಕಿತಾ?"

"ಸಿಕ್ಕಿತು ಅಮ್ಮ."

ಅಂಬಾಬಾಯಿ ತುರಿಯುವುದನ್ನು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಹೋಳು ಕೈಗೆತ್ತಿಕೊಂಡಳು.

ಮುಂದಿನದು ಸುಲಭವಾಗಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಬೇರೆಯವರು ಅವಳಿಗಿಂತ ಮೂರು ನಾಲ್ಕು ವರ್ಷ ಚಿಕ್ಕವರು, ಕೆಲವರು ಸ್ಕೂಟಿಯಲ್ಲಿ ಬರುತ್ತಿದ್ದರು. ಮುಂಜಾನೆ ಐದರಿಂದ ಎಂಟರವರೆಗೆ ಅವಳು ಅಪ್ಪ ಕಾಯುತ್ತಿದ್ದ ಕಟ್ಟಡದ ಮೂರು ಮನೆಗಳಲ್ಲಿ ಪಾತ್ರೆ ಬಟ್ಟೆಯ ಕೆಲಸ ಹಿಡಿದಳು. ಮೊದಲ ವರ್ಷ ಗಣಿತ ಮತ್ತು ಯಂತ್ರಶಾಸ್ತ್ರ ಎರಡರಲ್ಲೂ ಫೇಲಾದಳು. ವರ್ಷ ಹೋಯಿತು. ಆ ಸುದ್ದಿ ಹೇಳಲು ಅವಳು ಹೋಟೆಲಿನ ಹಿಂಬಾಗಿಲಲ್ಲಿ ಅವ್ವನಿಗಾಗಿ ಕಾದು ನಿಂತಳು.

"ಒಂದು ವರ್ಷ ಜಾಸ್ತಿ ಆಗ್ತದ ಅವ್ವ. ಬಿಟ್ಟುಬಿಡ್ಲೇನು?"

"ನಾ ಬಿಡು ಅಂದೇನೇನು?" ಎಂದಳು ಅಂಬಾಬಾಯಿ. "ಇನ್ನೊಂದು ವರ್ಷ ಕಾಯಿ ತುರೀತೀನಿ. ನಡಿ, ಬಸ್ ಬರ್ತದ."

ಎರಡನೆಯ ಸಲ ಪಾಸಾದಳು. ಎರಡು ಸಾವಿರದ ಎರಡರ ಚಳಿಗಾಲದಲ್ಲಿ, ಕೊನೆಯ ವರ್ಷ ನಡೆದಿರುವಾಗ, ಭೀಮಣ್ಣ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡ. ಮಣ್ಣು ಮುಗಿಸಿ ಮೂರನೆಯ ದಿನ ಶಿವಕಾಂತಾ ಕಾಲೇಜಿಗೆ ಹೋದಳು. ಹೋಗು ಎಂದು ಕಳಿಸಿದವಳು ಅವ್ವ.

ಡಿಪ್ಲೊಮಾ ಎರಡನೆಯ ದರ್ಜೆಯಲ್ಲಿ ಬಂತು. ಪುಣೆಯ ಹೊರಗಿನ ರಾಂಜಣಗಾಂವದಲ್ಲಿ ಕಾರ್ಖಾನೆಯ ಶೆಡ್ಡುಗಳನ್ನು ಕಟ್ಟುವ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ನಕಾಶೆ ತೆಗೆಯುವುದು, ಮಧ್ಯಾಹ್ನ ಕೆಲಸದ ಜಾಗಕ್ಕೆ ಹೋಗಿ ನೋಡುವುದು. ಅಲ್ಲಿನ ಕೂಲಿಗಳಲ್ಲಿ ಅರ್ಧದಷ್ಟು ಜನ ಆಳಂದ, ಅಫಜಲಪುರದ ಕಡೆಯವರೇ. ಮೊದಲ ದಿನ ಒಬ್ಬ ಮುದುಕ ಗೌಂಡಿ ನಕಾಶೆಯನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದ. ಅವಳು ಅದನ್ನು ಸರಿಯಾಗಿ ತಿರುಗಿಸಿ ಕೊಟ್ಟು, ಕನ್ನಡದಲ್ಲಿ ಗೋಡೆ ಯಾವುದು ಬಾಗಿಲು ಯಾವುದು ಎಂದು ತೋರಿಸಿದಳು.

"ಯಾ ಊರ ಮಗಳವ್ವ ನೀ?" ಎಂದು ಅವನು ಕೇಳಿದ.

ಅವಳು ಊರಿನ ಹೆಸರು ಹೇಳಿದಳು. ಆಮೇಲೆ, ತನ್ನ ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ, ಅವ್ವ ಕ್ಯಾಂಪಿನ ಹೋಟೆಲಿನಲ್ಲಿ ಕೆಲಸ ಮಾಡುತ್ತಾಳೆ, ಮುಂದಿನ ತಿಂಗಳು ಅವಳನ್ನು ಕೆಲಸ ಬಿಡಿಸಿ ಇಲ್ಲಿಗೆ ಕರೆದುಕೊಂಡು ಬರುತ್ತೇನೆ ಎಂದು, ಅವನು ಕೇಳದಿದ್ದರೂ ಎಲ್ಲವನ್ನೂ ಹೇಳಿದಳು.