ಅಳತೆಗೆ ಸರಿಯಾದ ಸೋದರಮಾವ

ಐದು ದಿನದ ದೋಣಿ ಪ್ರಯಾಣ ಒಂಬತ್ತು ದಿನಕ್ಕೆ ಹೋದರೂ ಬೊಂಪೆರೆ ಯಾರನ್ನೂ ಬೈಯಲಿಲ್ಲ. ಮಳೆ ಬಂದಾಗ ದೋಣಿ ದಡಕ್ಕೆ ಕಟ್ಟಿಸಿಕೊಂಡಿತು, ಮಳೆ ನಿಂತಾಗ ಎಂಜಿನ್ ನಿಂತಿತು, ಎಂಜಿನ್ ಎದ್ದಾಗ ನಡೆಸುವವನು ಮಲಗಿದ್ದ. ಶನಿವಾರ ಬೆಳಿಗ್ಗೆ ಕಿಂಕೊಲೆ ಬಂದರಿನ ಕೆಸರಿಗೆ ಇಳಿದಾಗ ಅವನ ತಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ಮೀನಿನ ಬುಟ್ಟಿ, ಕೈಯಲ್ಲಿ ತಾಳೆಹೆಂಡದ ಕ್ಯಾನು, ಕಂಕುಳಲ್ಲಿ ಶೂ. ಮಳೆಗಾಲದ ಕಿನ್ಶಾಸಾದಲ್ಲಿ ಮರ್ಯಾದಸ್ಥರು ಶೂ ಹಾಕಿಕೊಳ್ಳುವುದು ಕಂಕುಳಿಗೇ.

ಅವತ್ತು ಅವನ ತಂಗಿಯ ಮಗಳು ಪ್ಲಾಮೆಡಿಯ ಮದುವೆ. ಸೋದರಮಾವ ಎದ್ದು ನಿಂತು ‘ಕೊಟ್ಟೆ’ ಅನ್ನದೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ. ಅಪ್ಪನಿಲ್ಲದ ಈ ಹುಡುಗಿಯಂತೂ ನಾಲ್ಕು ವರ್ಷದಿಂದ ಹದಿನಾಲ್ಕರವರೆಗೆ ಮುಶಿಯೆಯಲ್ಲಿ, ನದೀತೀರದ ಅವನ ಮನೆಯಲ್ಲೇ ಬೆಳೆದವಳು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸನ್ಯಾಸಿನಿಯರ ಶಾಲೆಗೆ ಬಿಟ್ಟು ಬರುತ್ತಿದ್ದವನು ಇವನೇ. ಆ ‘ಕೊಟ್ಟೆ’ಯನ್ನು ಒಂಬತ್ತು ದಿನ ದೋಣಿಯಲ್ಲಿ ಕೂತು ನೂರು ಸಲ ಅಭ್ಯಾಸ ಮಾಡಿದ್ದ. ಒಂದೇ ಪದ, ಆದರೂ ಮಧ್ಯದಲ್ಲಿ ಗಂಟಲು ಕಟ್ಟಿಬಿಟ್ಟರೆ ಎಂದು ಭಯ.

ಬಾಡಿಗೆ ಬೈಕಿನವನೊಬ್ಬ ಬಂದು ನಿಂತ.

“ಎಲ್ಲಿಗೆ, ಪಾಪಾ?” ಹಿರಿಯರನ್ನು ಅಲ್ಲಿ ಕರೆಯುವುದೇ ಹಾಗೆ.

“ಮಸಿನಾ.”

“ಮಸಿನಾದಲ್ಲಿ ರಸ್ತೆಗಾ, ಕೆರೆಗಾ?”

“ಮದುವೆಗಪ್ಪಾ. ಬೇಗ ಬಿಡು.”

“ಹುಡುಗಿ ಕಡೆನೋ, ಹುಡುಗನ ಕಡೆನೋ?”

“ನಾನು ಸೋದರಮಾವ ಕಣಯ್ಯಾ!”

“ಅಯ್ಯೋ, ಮೊದಲೇ ಹೇಳ್ಬಾರ್ದಾ! ಕೂತ್ಕೊಳ್ಳಿ, ಗಟ್ಟಿಯಾಗಿ ಹಿಡ್ಕೊಳ್ಳಿ. ನೀವಿಲ್ದೆ ಅಲ್ಲಿ ಒಂದು ಕುರ್ಚಿನೂ ಅಲ್ಲಾಡಲ್ಲ.”

ಆ ಮಾತು ಬೊಂಪೆರೆಯ ಹೊಟ್ಟೆಗೆ ಬಿಸಿ ಗಂಜಿಯಂತೆ ಇಳಿಯಿತು. ಬೈಕು ಅರ್ಧ ದಾರಿ ಓಡಿತು, ಅರ್ಧ ದಾರಿ ಈಜಿತು. ತಂಗಿಯ ಮನೆಯ ಓಣಿಯ ಬಾಯಿಯಲ್ಲಿ ಇಳಿದಾಗ ನೀರು ಮೊಣಕಾಲಿಗಿತ್ತು. ಓಣಿಯ ಕೊನೆಯಲ್ಲಿ ನೀಲಿ ಶಾಮಿಯಾನ, ಅದರೊಳಗೆ ಎದುರುಬದುರು ಕೂತ ಎರಡು ಕಡೆಯ ಜನ, ನಡುವೆ ಮೈಕು.

“ಈಗ ಹುಡುಗಿಯ ಸೋದರಮಾವ, ಮುಶಿಯೆಯಿಂದ ದಯಮಾಡಿಸಿರುವ ಪಾಪಾ ಬೊಂಪೆರೆಯವರು ಮಾತಾಡ್ತಾರೆ!” ಎಂದು ಮೈಕು ಕೂಗಿತು.

ನಾನು ಬಂದಿದ್ದು ಇವರಿಗೆ ಇಷ್ಟು ಬೇಗ ಹೇಗೆ ಗೊತ್ತಾಯಿತಪ್ಪಾ ಎಂದು ಬೊಂಪೆರೆಗೆ ಹಿಗ್ಗೋ ಹಿಗ್ಗು. ನೀರಿನಲ್ಲಿ ನಿಂತೇ ಕಾಲರ್ ಸರಿಮಾಡಿಕೊಂಡ. ಅಷ್ಟರಲ್ಲಿ ಶಾಮಿಯಾನದೊಳಗೆ ಪಾಪಾ ಬೊಂಪೆರೆ ಎದ್ದು ನಿಂತರು.

ಗಿಡ್ಡ ಆಸಾಮಿ, ಕಡ್ಡಿ ಮೈ. ಬೂದು ಬಣ್ಣದ ಸೂಟು, ತಲೆಗೆ ಹ್ಯಾಟು, ಕೈಯಲ್ಲಿ ಬೆಳ್ಳಿ ಹಿಡಿಯ ಊರುಗೋಲು. ಸೋದರಮಾವನಿಗೆ ಗಂಡಿನ ಕಡೆಯವರು ಮಾಡಲೇಬೇಕಾದ ಉಡುಗೊರೆ ಅಷ್ಟೂ ಮೈಮೇಲಿತ್ತು. ಫ್ರೆಂಚು ಬಾಯಲ್ಲಿ ಬೆಣ್ಣೆಯಂತೆ ಕರಗುತ್ತಿತ್ತು. ಒಂದು ಮಾತಿಗೆ ಗಂಡಿನ ಕಡೆಯವರು ನಕ್ಕರು, ಇನ್ನೊಂದಕ್ಕೆ ಕಣ್ಣೊರೆಸಿಕೊಂಡರು. “ಈ ಮಗೂನ ನಾನು ಹೆಗಲ ಮೇಲೆ ಕೂರಿಸ್ಕೊಂಡು ಶಾಲೆಗೆ ಬಿಡ್ತಿದ್ದೆ…” ಎಂದು ಆತ ಊರಿನ ಲಿಂಗಾಲಾ ಭಾಷೆಗೆ ತಿರುಗಿದಾಗ ಬೊಂಪೆರೆಯ ತಲೆಯ ಮೇಲಿನ ಬುಟ್ಟಿ ವಾಲಿತು.

ಯಾರೋ ಅವನ ತೋಳು ಹಿಡಿದು ಗೋಡೆಯ ಪಕ್ಕದ ಸಂದಿಯೊಳಗೆ ಎಳೆದರು. ತಂಗಿ ಗೊದೆಲೀವ್. ಮೈತುಂಬ ಹೊಸ ಬಟ್ಟೆ, ಮುಖತುಂಬ ಹಳೇ ಗಾಬರಿ. ಅವನನ್ನು ಹಿತ್ತಲಿಗೆ, ಹಂಡೆಗಳ ಹೊಗೆಯೊಳಗೆ ತಂದು ನಿಲ್ಲಿಸಿದಳು.

“ಅಣ್ಣಾ, ಬೈಬೇಡ. ನಿನ್ನ ದೋಣಿ ಬರ್ಲಿಲ್ಲ. ಫೋನ್ ಹತ್ತಲಿಲ್ಲ. ಬೀಗರು ಬಂದು ಕೂತ್ರು. ನಾನೇನ್ ಮಾಡ್ಲಿ ಹೇಳು?”

“ಅವನ್ಯಾರು?”

“ಪಾಪಾ ಲುಸಾಲಾ ಅಂತ. ಮೂರು ಓಣಿ ಆಚೆ ಇರ್ತಾರೆ. ಇದೇ ಕೆಲಸ ಮಾಡ್ತಾರೆ.”

“ಯಾವ ಕೆಲಸ?”

“ಸೋದರಮಾವನ ಕೆಲಸ. ಈ ತಿಂಗಳಲ್ಲಿ ಇದು ಆರನೇದು. ಮೈ ಹುಷಾರಿಲ್ದಿದ್ರೂ ಬಂದಿದ್ದಾರೆ.”

“ಸರಿ. ಈಗ ನಾನು ಬಂದ್ನಲ್ಲ. ಅವನಿಗೆ ಹುಷಾರಿಲ್ಲ ಅಂತ ಮಲಗಿಸು. ನಾನು ಹೋಗಿ ನಿಲ್ತೀನಿ.”

“ನಿಂಗೆ ತಲೆಗಿಲೆ ಕೆಟ್ಟಿದ್ಯಾ? ಒಂದು ಹುಡುಗಿಗೆ ಎರಡು ಬೊಂಪೆರೆನಾ? ಮೋಸ ಮಾಡಿದ್ರು ಅಂತ ಕೊಟ್ಟಿದ್ದನ್ನೆಲ್ಲಾ ಕಟ್ಕೊಂಡು ಎದ್ದು ಹೋಗ್ತಾರೆ. ಬೀಗರು ದೊಡ್ಡ ಜನ ಅಣ್ಣಾ. ಹುಡುಗನ ಅಪ್ಪ ಮಿನಿಸ್ಟ್ರಿಯಲ್ಲಿದ್ದಾರೆ.”

ಬೊಂಪೆರೆ ಗೋಡೆಯ ಕಿಂಡಿಯಿಂದ ಮತ್ತೆ ಇಣುಕಿದ. ಸೂಟಿನ ಭುಜ ಭುಜಕ್ಕೆ ಕೂತಿತ್ತು, ತೋಳು ಮಣಿಕಟ್ಟಿಗೆ ಬಂದು ವಿನಯದಿಂದ ನಿಂತಿತ್ತು. ಪ್ಯಾಂಟು ಶೂವನ್ನು ಮುಟ್ಟಿಯೂ ಮುಟ್ಟದಂತಿತ್ತು. ಅವನು ತನ್ನ ಹುಟ್ಟುಗೋಲಿನ ಹಲಗೆಯಂಥ ಅಂಗೈ ನೋಡಿಕೊಂಡ, ದೋಣಿಯಂಥ ಪಾದ ನೋಡಿಕೊಂಡ.

“ಗೋದೆ, ಆ ಸೂಟು ಹೊಲಿಸಿದ್ದು ಬೀಗರು ತಾನೇ?”

“ಹೂಂ. ನಾವು ಕಳಿಸಿದ ಉಡುಗೊರೆ ಪಟ್ಟಿ ಪ್ರಕಾರ.”

“ಪಟ್ಟೀಲಿ ಅಳತೆ ಯಾರು ಬರೆದಿದ್ರು?”

ಗೊದೆಲೀವ್ ಹಂಡೆಯ ಮುಚ್ಚಳ ತೆಗೆದು ನೋಡಿದಳು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ಪಟ್ಟಿ ಹೋಗಿದ್ದು ಯಾವಾಗ?”

“ಡಿಸೆಂಬರ್‌ನಲ್ಲಿ.”

“ನಾನು ದೋಣಿ ಹತ್ತಿದ್ದು ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲೇ ನಾನು ಲೇಟಾಗಿದ್ನಾ?”

ತಂಗಿಗೆ ಅಳು ಬಂತು; ಅಳುವಿನ ಹಿಂದೆಯೇ ಸಿಟ್ಟೂ ಬಂತು. “ಹೌದು, ನಿನ್ನನ್ನ ಬೇಡ ಅಂದ್ಕೊಂಡ್ವಿ! ಏನೀಗ? ದೊಡ್ಡವಳ ಮದುವೇಲಿ ಬೀಗರ ಮುಂದೆ ಎದ್ದು ನಿಂತು, ‘ಈ ಹುಡುಗ ಈಜ್ತಾನಾ?’ ಅಂತ ಕೇಳಿದ್ಯಲ್ಲ! ಬ್ಯಾಂಕಿನ ಹುಡುಗನ್ನ! ಇವತ್ತಿಗೂ ಆಡ್ಕೊಂಡು ನಗ್ತಾರೆ. ಮುಂದಿನ ಹಲ್ಲಿಲ್ಲ, ಬಾಯಿಗೆ ಬೇಲಿ ಇಲ್ಲ. ನಿನ್ನ ಫ್ರೆಂಚ್ ಕೇಳಿದ್ರೆ ಬುಟ್ಟೀಲಿರೋ ಮೀನೂ ವಾಪಸ್ ನದಿಗೆ ಓಡುತ್ತೆ.”

“ಹಾಗಾದ್ರೆ ಬಾ ಅಂತ ಯಾಕೆ ಫೋನ್ ಮಾಡ್ದೆ?”

“ಮಳೆಗಾಲ… ಬರಲ್ಲ ಅಂದ್ಕೊಂಡೆ.”

ಒಳಗಿನಿಂದ ಯಾರೋ ಕರೆದರು. ಗೊದೆಲೀವ್ ಕಣ್ಣೊರೆಸಿಕೊಂಡು, ಹೋಗುವ ಮುನ್ನ ಅಡುಗೆಯ ಮುದುಕಿಗೆ ಹೇಳಿದಳು: “ಇವರು ಮೀನು ತಂದಿರೋರು. ಒಂದು ಸ್ಟೂಲ್ ಕೊಡಿ.”

ಮೀನು ತಂದವನು ಸ್ಟೂಲಿನ ಮೇಲೆ ಕೂತ. ಮತ್ತೆ ಮಳೆ ಹಿಡಿದುಕೊಂಡಿತು. ತಗಡಿನ ಮೇಲೆ ಅದು ಹೊಡೆಯುವ ಸದ್ದಿನಲ್ಲಿ ಪಾಪಾ ಲುಸಾಲಾರ ಭಾಷಣಕ್ಕೆ ಬಿದ್ದ ಚಪ್ಪಾಳೆ ಯಾವುದು, ಮಳೆ ಯಾವುದು ಎಂದು ಗೊತ್ತಾಗಲಿಲ್ಲ.

ಮದುಮಗಳು ಮೂರು ಬಗೆಯ ಬಟ್ಟೆ ಉಡುವುದು ಊರಿನ ರೂಢಿ. ಮೊದಲ ಸಲ ಬದಲಿಸಲು ಪ್ಲಾಮೆಡಿ ಹಿತ್ತಲ ಕೋಣೆಗೆ ಬಂದವಳು ಸ್ಟೂಲಿನ ಮೇಲಿದ್ದವನನ್ನು ಕಂಡು ನಿಂತಳು. ಕಡುಗೆಂಪು ಬಟ್ಟೆ ಉಟ್ಟಿದ್ದಳು, ಕೊರಳಲ್ಲಿ ಮಣಿಗಳು. ಹದಿನಾಲ್ಕರ ಹುಡುಗಿ ಅದರೊಳಗೆ ಎಲ್ಲೋ ಇದ್ದಳು.

“ಮಾವಾ! ಬಂದ್ಬಿಟ್ಯಾ?”

“ಬಂದ್ಬಿಟ್ಟೆ. ತಪ್ಪಾಯ್ತು.”

“ಹಾಗನ್ಬೇಡ. ನೋಡು, ಬೇಗ, ವಿಡಿಯೋದವರು ಕಾಯ್ತಿದ್ದಾರೆ. ನನ್ನನ್ನ ಹರಸ್ಬಿಡು. ಆ ಮನುಷ್ಯ ಕೈ ಮೇಲೆ ಹೆಂಡ ಉಗುಳಿದ್ರೆ ಅದು ಬರೀ ಉಗುಳು. ನೀನು ಹರಸ್ದೆ ಹೋದ್ರೆ ನಂಗೆ ಮಕ್ಕಳಾಗಲ್ಲ.”

“ಆ ಪಟ್ಟಿ ಬರೆದಿದ್ದು ಯಾರು, ಮಗಾ?”

ಅವಳು ನೆಲ ನೋಡಿದಳು. “ನಾನೇ. ನನ್ನ ಅಕ್ಷರ ಚೆನ್ನಾಗಿದೆ ಅಂತ ಅಮ್ಮ…”

ಚೆನ್ನಾಗಿರಲೇಬೇಕು. ಸನ್ಯಾಸಿನಿಯರು ಕೋಲು ಹಿಡಿದು ತಿದ್ದಿಸಿದ ಅಕ್ಷರ. ಅಕ್ಷರ ದುಂಡಗಿತ್ತು, ಅಳತೆ ಚಿಕ್ಕದಿತ್ತು.

ಬೊಂಪೆರೆ ಕ್ಯಾನಿನ ಮುಚ್ಚಳ ತಿರುವಿದ. ಒಂಬತ್ತು ದಿನ ಬಿಸಿಲು ಮಳೆ ಉಂಡ ಹೆಂಡ ಅವನಂತೆಯೇ ಹುಳಿಯಾಗಿ ಬುಸ್ಸೆಂದಿತು. ಅವನ ಮನೆತನದಲ್ಲಿ ಹರಸುವುದಕ್ಕೊಂದು ಕ್ರಮವಿದೆ. ಹುಡುಗಿ ಮೂರು ಸಲ ಬೇಡಬೇಕು. ಮೊದಲ ಗುಟುಕನ್ನು ಮಾವ ನುಂಗಿಬಿಡುತ್ತಾನೆ: ಕೊಡಲಾರೆ. ಎರಡನೆಯದನ್ನೂ ನುಂಗುತ್ತಾನೆ: ಕೊಡಲು ಮನಸ್ಸಿಲ್ಲ. ಮೂರನೆಯದನ್ನು ಬಾಯಿ ತುಂಬ ತುಂಬಿಕೊಂಡು ಹುಡುಗಿಯ ಅಂಗೈಗಳ ಮೇಲೆ ಊದುತ್ತಾನೆ: ಕೊಟ್ಟೆ. ಸುಲಭವಾಗಿ ಕೊಟ್ಟರೆ ಹುಡುಗಿಗೆ ಬೆಲೆಯೇ ಇರಲಿಲ್ಲವೆಂದು ಅರ್ಥ. ಪ್ಲಾಮೆಡಿಯ ಅಕ್ಕ ಹೀಗೇ ಮೂರು ಸಲ ಮಂಡಿಯೂರಿದ್ದಳು, ಪಕ್ಕದಲ್ಲಿ ನಿಂತಿದ್ದ ಪುಟ್ಟ ಪ್ಲಾಮೆಡಿ ನಗು ತಡೆಯಲಾರದೆ ಬೈಸಿಕೊಂಡಿದ್ದಳು.

ಸಿಟ್ಟು ಹೊಟ್ಟೆಯಲ್ಲಿತ್ತು, ನಿಜ. ಆದರೆ ಮೂರು ಗುಟುಕಿನಷ್ಟು ಹೊತ್ತು ಸಾಕು, ಇಳಿಯುತ್ತದೆ ಎಂದುಕೊಂಡ. ಕ್ರಮ ಮಾಡಿಟ್ಟಿರುವುದೇ ಅದಕ್ಕಲ್ಲವೇ? ಅವಳು ಅಂಗೈ ಒಡ್ಡಿದಳು. ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ನುಂಗಿದ.

ಪ್ಲಾಮೆಡಿ ಅವನ ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡಿದಳು. ಒಡ್ಡಿದ ಕೈ ಒಣಗಿಯೇ ಇತ್ತು. ಅವನು ಕಾದ. ಕೇಳು, ಇನ್ನೊಂದು ಸಲ ಕೇಳು ಎಂದು ಅವನ ಹುಬ್ಬು ಹೇಳುತ್ತಿತ್ತು. ಹೇಳಿಕೊಡುವಂತಿಲ್ಲ, ಹೇಳಿಕೊಟ್ಟರೆ ಅದು ಬೇಡಿದ್ದಾಗುವುದಿಲ್ಲ.

“ಇಷ್ಟೊಂದು ಹೊಟ್ಟೆ ಉರಿನಾ, ಮಾವಾ?” ಎಂದಳು ಅವಳು ಸಣ್ಣ ದನಿಯಲ್ಲಿ. “ಒಂದು ಸೂಟಿಗೋಸ್ಕರ?”

ಕೈ ಬಟ್ಟೆಗೆ ಒರೆಸಿಕೊಂಡು ಕೋಣೆಯೊಳಗೆ ಹೋದಳು. ಹಸಿರು ಉಟ್ಟು ಇನ್ನೊಂದು ಬಾಗಿಲಿನಿಂದ ಶಾಮಿಯಾನಕ್ಕೆ ಹೊರಟುಹೋದಳು.

ಬೊಂಪೆರೆ ಏಳಲಿಲ್ಲ. ಹಸಿರನ್ನು ಬಿಚ್ಚಿಡಲು ಬಂದೇ ಬರಬೇಕಲ್ಲ. ಮೈಕಿನಲ್ಲಿ ಪಾಪಾ ಲುಸಾಲಾ ‘ಕೊಟ್ಟೆ’ ಎಂದರು. ಎಲ್ಲೂ ಗಂಟಲು ಕಟ್ಟಲಿಲ್ಲ. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು, ಬಿಯರ್ ಬಾಟಲಿಗಳು ತೆರೆದುಕೊಂಡವು, ಅಂಗಳದಲ್ಲಿ ಕುಣಿತ ಶುರುವಾಯಿತು. ಪ್ಲಾಮೆಡಿ ಎರಡನೇ ಸಲ ಬಂದಳು, ಸ್ಟೂಲಿನ ಮುಂದೆಯೇ ಹಾದಳು, ಕತ್ತು ತಿರುಗಿಸಲಿಲ್ಲ. ಕ್ರಮವನ್ನು ಮರೆತಿದ್ದಳೋ, ನೆನಪಿದ್ದೂ ಸಾಕು ಅಂದುಕೊಂಡಳೋ, ಅವಳ ಬೆನ್ನು ನೋಡಿ ಹೇಳುವುದು ಹೇಗೆ? ಎರಡನೆಯದನ್ನು ಅವಳು ಬೇಡದೆಯೇ ಅವನು ನುಂಗಿದ. ಮನೆತನದಲ್ಲಿ ಯಾವ ಮಾವನೂ ಅಷ್ಟು ಅಗ್ಗವಾಗಿರಲಿಲ್ಲ.

ಕೋಣೆಯ ಬಾಗಿಲ ಚಿಲಕ ಮತ್ತೆ ಸದ್ದು ಮಾಡಿದಾಗ ಅವನು ಎದ್ದು ನಿಂತ. ಶೂ ಹಾಕಿಕೊಂಡ. ಮೂರನೆಯ ಗುಟುಕು ಬಾಯಿ ತುಂಬ ತುಂಬಿಕೊಂಡ. ಅವಳು ಕೇಳುವುದೂ ಬೇಡ, ಕೈ ಒಡ್ಡುವುದೂ ಬೇಡ, ಸುಮ್ಮನೆ ಈ ಕಡೆ ನೋಡಿದರೆ ಸಾಕು, ಊದಿಬಿಡುತ್ತೇನೆ ಎಂದುಕೊಂಡ.

ಬಿಳಿ ಉಟ್ಟ ಪ್ಲಾಮೆಡಿ ಹೊರಬಂದಳು. ಇಬ್ಬರು ಹೆಂಗಸರು ಅವಳ ತಲೆಯ ಮೇಲೆ ಕೊಡೆ ಬಗ್ಗಿಸಿ ಹಿಡಿದರು. ಕೊಡೆಯ ಕೆಳಗೆ ಅವಳ ಪಾದಗಳಷ್ಟೇ ಕಂಡವು. ಅವು ಕೆಸರು ತಪ್ಪಿಸುತ್ತ ಹಲಗೆಯಿಂದ ಹಲಗೆಗೆ ಹಾರಿ ಗೇಟಿನ ಹೊರಗೆ ನಿಂತಿದ್ದ ಕಾರಿನೊಳಗೆ ಹೋದವು. ಬಾಗಿಲು ಮುಚ್ಚಿತು. ಕಾರು ಮೊಣಕಾಲುದ್ದ ನೀರನ್ನು ಎರಡು ಗೋಡೆಗಳಿಗೂ ಎರಚಿಕೊಂಡು ಓಣಿ ದಾಟಿತು.

ಅಡುಗೆಯ ಮುದುಕಿ ತಟ್ಟೆಯಲ್ಲಿ ಗೆಣಸಿನ ಕಡುಬು, ಮೀನು ಬಡಿಸಿಕೊಂಡು ಬಂದಳು.

“ತಗೊಳ್ಳಿ. ಬೆಳಗಿಂದ ಇಲ್ಲೇ ಕೂತಿದ್ದೀರಾ,” ಎಂದಳು. “ಹೌದು, ನೀವು ಹುಡುಗಿಗೆ ಏನಾಗ್ಬೇಕು?”

ಬೊಂಪೆರೆ ಅವಳ ಕಡೆ ತಿರುಗಿದ. ಅವನ ಬಾಯಿ ಇನ್ನೂ ತುಂಬಿತ್ತು.