ಫೋಟೋಗೆ ತಂದ ಕೋಟು

ಅಂಗಳದಲ್ಲಿ ಹಾಕಿದ್ದ ಉಣ್ಣೆಯ ಡೇರೆಯನ್ನು ಹಿಂದಿನ ಸಂಜೆಯೇ ಬಿಚ್ಚಿ ಸಾಗಿಸಿದ್ದರು. ಸತ್ತ ಗಂಡನಿಗಾಗಿ ಏಳು ದಿನ ಅದರೊಳಗೆ ಗೋಡೆಗೆ ಮುಖ ಮಾಡಿ ಕೂತು, ಬಂದವರಿಗೆಲ್ಲ ಕೇಳುವಂತೆ ಹಾಡಿ ಹಾಡಿ ಅತ್ತಿದ್ದಳು ಬುರುಲ್. ಈಗ ಅಲ್ಲಿ ಉಳಿದದ್ದು ಹುಲ್ಲು ಬಾಡಿದ ಒಂದು ದುಂಡನೆಯ ಗುರುತು. ಹಸುವಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೂಗಿತು. ಅವಳು ಎದ್ದು ಹಾಲು ಕರೆದಳು.

ಒಳಗೆ ಬಂದಾಗ ಅತ್ತೆ ಸುಯುಮ್‌ಕಾನ್ ಮಗನ ಬಟ್ಟೆಗಳನ್ನು ಬೇರೆ ಮಾಡುತ್ತಿದ್ದಳು. ಹೆಣಕ್ಕೆ ಸ್ನಾನ ಮಾಡಿಸಿದ ಐವರಿಗೂ ಒಂದೊಂದು ಹೋಗಬೇಕು. ಎಲ್ಲದರ ಮೇಲೆ ಬೂದು ಬಣ್ಣದ ಕೋಟು.

"ಇದು ಅವನ ಸೋದರಮಾವನಿಗೆ."

"ಅಪಾ," ಎಂದಳು ಬುರುಲ್ ಅತ್ತೆಗೆ, "ಅದು ನಮ್ಮದಲ್ಲ. ಕುಬಾತ್ ಮೇಷ್ಟ್ರದ್ದು. ವೀಸಾ ಫೋಟೋಗೆ ಅಂತ ಇಸ್ಕೊಂಡು ಬಂದಿದ್ರು."

ಜರ್ಮನಿಗೆ ಹೋಗಲು ದಾರಿ ಎರಡಿದ್ದವು. ಗಂಡ ಎಲ್ದಿಯಾರನ ಎಲೆಕ್ಟ್ರಿಷಿಯನ್ ಕೆಲಸದ ಮೇಲೆ ಅವನು ಹೋಗುವುದು, ಅವನ ಹೆಂಡತಿಯೆಂದು ಅವಳು. ಇಲ್ಲವೇ ಅವಳ ಎಂಜಿನಿಯರಿಂಗ್ ಪದವಿಯ ಮೇಲೆ ಅವಳು, ಗಂಡನೆಂದು ಅವನು. ಅವಳ ಪದವಿಗೆ ಅಲ್ಲಿಯ ಮನ್ನಣೆ ಬಂದು ಆರು ತಿಂಗಳಾಗಿತ್ತು. ಆದರೆ "ನನ್ನ ಮಗ ಸೊಸೆಯ ಸೆರಗು ಹಿಡ್ಕೊಂಡು ಹೋಗೋದಾ?" ಎಂದು ಅತ್ತೆ ಕೇಳಿದ ಮೇಲೆ ಅವನ ಹೆಸರೇ ಮುಂದಾಯಿತು. ಆಮೇಲೆ ಅವನು ಕಂಬದಿಂದ ಬಿದ್ದ.

ಬಿಷ್ಕೆಕ್‌ನ ರಾಯಭಾರ ಕಚೇರಿಯಲ್ಲಿ ಗುರುವಾರದ ಭೇಟಿ ಇಬ್ಬರಿಗೂ ಬೇರೆ ಬೇರೆಯಾಗಿ ನಿಗದಿಯಾಗಿತ್ತು. ಡೇರೆಯ ಗೋಡೆ ನೋಡುತ್ತ ಕೂತಾಗ ಬುರುಲ್ ಎರಡನೆಯ ದಾರಿಯ ಅರ್ಜಿಯನ್ನು ಮನಸ್ಸಿನಲ್ಲೇ ಸಾಲುಸಾಲಾಗಿ ತುಂಬಿದ್ದಳು. ಇನ್ನು ಬೇಕಿದ್ದದ್ದು ಹೊಸ ಫೋಟೋ ಒಂದೇ.

"ಗುರುವಾರ ನಾನು ಬಿಷ್ಕೆಕ್‌ಗೆ ಹೋಗ್ತೀನಿ."

"ಹೋಗ್ಬೇಕಾದವನು ಮಣ್ಣಲ್ಲಿದಾನೆ."

"ಅವರ ಅರ್ಜಿ ಅವರ ಜೊತೆ ಹೋಯ್ತು. ಇದು ನಂದು."

"ವರ್ಷದೂಟ ಆಗೋವರೆಗೂ ಆ ಕಪ್ಪು ವಸ್ತ್ರ ತಲೆಯಿಂದ ಇಳೀಬಾರ್ದು. ಊರು ಏನನ್ನುತ್ತೆ?"

"ಊರು ನಂಗೆ ಕೆಲಸ ಕೊಡುತ್ತಾ ಅಪಾ?"

"ಅಬ್ಬಾ ನಾಲಿಗೆಯೇ! ಏಳು ದಿನ ಅತ್ತಿದ್ದೆಲ್ಲ ನಾಟಕಾನಾ?"

ಬುರುಲ್ ಕೋಟನ್ನು ಎತ್ತಿಕೊಂಡಳು. "ಅಳೋದು ಮುಗಿದಿಲ್ಲ. ಅಲ್ಲಿ ಹೋಗಿನೂ ಅಳಬಹುದು."

ಸಂತೆ ಬೀದಿಯ ಸ್ಟುಡಿಯೋದವನು ಕೋಟನ್ನು ನೋಡಿದ, ಅವಳನ್ನು ನೋಡಿದ.

"ಏಜೆ," ಎಂದ, ಅಕ್ಕನನ್ನು ಕರೆದಂತೆ. "ಹೋದ ತಿಂಗಳು ಇದೇ ಕೋಟಲ್ಲಿ ನಿಮ್ಮನೆಯವರು..."

"ಗೊತ್ತು. ಎಲ್ಲಿ ಕೂರ್ಲಿ?"

"ಇಲ್ಲೇ. ಆದ್ರೆ ಆ ತಲೆವಸ್ತ್ರ... ಹೇಗೆ ಹೇಳೋದು..."

ಅವಳು ಕೋಟು ತೊಟ್ಟು ವಸ್ತ್ರದ ಗಂಟು ಬಿಚ್ಚಿದಳು. ವಸ್ತ್ರವನ್ನು ಮಡಿಸಿ ಕೋಟಿನ ಜೇಬಿಗೆ ತುರುಕಿದಾಗ ಬೆರಳಿಗೆ ಏನೋ ಚುಚ್ಚಿತು. ಸೂರ್ಯಕಾಂತಿ ಬೀಜದ ಸಿಪ್ಪೆ. ಬೀಜ ಜಗಿಯದೆ ಒಂದು ಗಳಿಗೆ ಕಾಯಲಾಗುತ್ತಿರಲಿಲ್ಲ ಎಲ್ದಿಯಾರನಿಗೆ. ಅವಳ ಕೈ ಅಲ್ಲೇ ನಿಂತಿತು.

"ಭುಜ ಜೋತಾಡ್ತಿದೆ ಏಜೆ. ಹಿಂದೆ ಕ್ಲಿಪ್ ಹಾಕ್ಲಾ?"

"ಅವರಿಗೆ ಬೇಕಾಗಿರೋದು ಮುಖ. ತೆಗೀರಿ."

"ನಗಬೇಡಿ," ಎಂದ ಅವನು, ದಿನದ ರೂಢಿಯಂತೆ. ಅಂದವನೇ ನಾಲಿಗೆ ಕಚ್ಚಿಕೊಂಡ.

"ಇಲ್ಲ," ಎಂದಳು ಬುರುಲ್.

ಫೋಟೋ ಕೈಗೆ ಬಂದ ಮೇಲೆ ಅವಳು ತಲೆಗೆ ವಸ್ತ್ರ ಕಟ್ಟಲಿಲ್ಲ. ಹಾಗೆಯೇ ಬೀದಿಯುದ್ದಕ್ಕೂ ನಡೆದಳು. ಬ್ರೆಡ್ ಅಂಗಡಿಯ ಮುಂದಿನ ಮಾತು ನಿಂತಿತು. ಅವಳು ನಿಲ್ಲಲಿಲ್ಲ.

ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಕೆನ್ನೆ ಬಡಿದುಕೊಂಡಳು. "ಅಯ್ಯೋ, ಎಂಟನೇ ದಿನಕ್ಕೇ ಬರೀ ತಲೇಲಿ!"

"ಸುಮ್ನಿರೇ," ಎಂದರು ಮೇಷ್ಟ್ರು. "ಒಳಗೆ ಬಾಮ್ಮ, ಚಹಾ ಆಗಿದೆ."

"ಬೇಡ ಅಗಾಯ್. ಕೋಟು ಕೊಟ್ಟು ಹೋಗೋಣ ಅಂತ ಬಂದೆ. ಒಂದು ಫೋಟೋಗೆ ಅಂತ ಕೇಳಿದ್ರು. ಎರಡಾಯ್ತು."

ಮೇಷ್ಟ್ರು ಅವಳ ಕೈಯಲ್ಲಿದ್ದ ಲಕೋಟೆಯನ್ನು ನೋಡಿದರು. "ಗುರುವಾರ ತಾನೆ? ಬೆಳಗಿನ ಬಸ್ಸೇ ಹಿಡಿ. ಎರಡನೇದು ನಂಬೋಕಾಗಲ್ಲ."

ಅವಳು ಕೋಟಿನ ಜೇಬಿನಿಂದ ಕಪ್ಪು ವಸ್ತ್ರ ತೆಗೆದಳು. ಆಮೇಲೆ ಜೇಬನ್ನು ಹೊರಕ್ಕೆ ಮಗುಚಿ, ಸಿಪ್ಪೆಗಳನ್ನು ಒಂದೂ ಬಿಡದಂತೆ ಅಂಗೈಗೆ ಉದುರಿಸಿಕೊಂಡು ಮುಷ್ಟಿ ಕಟ್ಟಿದಳು. ಕೋಟನ್ನು ಇನ್ನೊಂದು ಕೈಯಿಂದ ಕೊಟ್ಟಳು.